ಪೈಲ್ವಾನ್ ಅಜ್ಜಗ ಬೈದು ಬಂದೆ

"ಕಾಲು ಬಿಡೋ ತಮ್ಮಾ! ನನಗ ನಮಸ್ಕಾರ ಆಗಿ ಬರಂಗಿಲ್ಲ. ಬೈಯಾಂವಿದ್ರ ಬೈ!" ಅಂತ ಬಾಜೂ ಸೀಟಿನ ಅಜ್ಜ ಕಾಲು ಹಿಂದ ಜಗ್ಗಿದ್ರು.

ಭಾಲ್ಕಿಯಿಂದ ಔರಾದಿಗೆ ಬಸ್ಸಿನಾಗ ಹೊಂಟಿದ್ದೆರಿ. ಹಳೇ ಕುಸ್ತಿ ಪೋಸ್ಟರ್ ಕೂಡಿಸೋದು ನನ್ನ ಹುಚ್ಚು. ಹಂಗಾಗಿ ಕುಸ್ತಿ ಆಡಿ ಆಡಿ ಮುರುಟಿದ ಅಜ್ಜನ ಕಿವಿ ನೋಡಿದ್ದೇ ಗುರ್ತು ಹಿಡಿದು ಕಾಲಿಗೆ ಬಿದ್ದಿದ್ದೆ. ಟಿಕೆಟ್ ಇಟ್ಟು ಆಡಸ್ತಿದ್ದ ಕುಸ್ತಿ ಶೋದಾಗ ಎದುರಾಳಿ ಕಣ್ಣಿಗೆ ಮಣ್ಣು ಉಗ್ಗಿ ಗೆಲ್ಲೋ ಖಳನಾಯಕ ಇವರೇ!

"ನಮ್ಮಜ್ಜ ಬೀದರದಾಗ ನಿಮಗ ಚಪ್ಪಲಿ ಒಗದಿದ್ರಂತ್ರಿ" ಅಂದೆ.

"ಹೌದಾ? ಹತ್ತಿತ್ತೇನು?" ಅಂತ ಮಾರಿ ಅರಳಿಸಿದ್ರು. "ಮಂದಿ ಬೈದ್ರನ ನಮ್ಮ ಆಟ ಚಲೋ ಆದಂಗ. ಈಗ ಯಾರೂ ಬೈಯಂಗೇ ಇಲ್ಲ."

ಹಿರಿಯರಿಗೆ ಹ್ಯಾಂಗ ಬೈಯೋದ್ರಿ? ಮತ್ತ ಕೈ ಮುಗಿದೆ. ಅಜ್ಜನ ಮಾರಿ ಸಣ್ಣದಾತು. ಠಾಣಾ ಕುಶನೂರದಾಗ ಇಳಿದು ಹೊಂಟ್ರು.

ಬಸ್ ಬಿಟ್ಟಿತು. ನನಗ ತಡೀಲಿಕ್ಕಾಗಲಿಲ್ಲ. ಕಿಡಕಿಯಿಂದ ತಲಿ ಹೊರಗ ಹಾಕಿ, "ಏ ಮೋಸಗಾರ! ಮಣ್ಣು ಉಗ್ಗೋ ಕಳ್ಳ! ಥೂ!" ಅಂತ ಒದರಿದೆ. ಅಜ್ಜ ಗಕ್ಕನ ತಿರುಗಿ, ಕೈಯಾನ ಚೀಲ ನೆಲಕ್ಕಿಟ್ಟು, ತೊಡಿ ತಟ್ಟಿ ಮೀಸಿ ತಿರುವಿದ್ರು. ಥೇಟ್ ಪೋಸ್ಟರಿನಾಗ ಇದ್ದಂಗ!

ಹಿರಿಯರಿಗೆ ಹಿಂಗ ಅಂತಾರೇನು ಅಂತ ಬಸ್ಸಿನ ಮಂದಿಯೆಲ್ಲಾ ನನಗ ಬೈಲಿಕ್ಕತ್ರು. ಔರಾದ್ ಬರೋತನಕ ನಕ್ಕೋತ ಬೈಸಿಕೊಂಡೆ. ಬೈಸಿಕೊಳ್ಳೋದ್ರಾಗೂ ಮಜಾ ಅದ ಅಂತ ಅವತ್ತ ಗೊತ್ತಾತ್ರಿ.