ಅಮ್ಮನ ಜೊತೆ ಮಟನ್ ಚೌಕಾಸಿ

ಅಮ್ಮನ ಕಿಡ್ನಿ ಉಳಿಸಿಕೊಳ್ಳಲು ನಾನು ತೆತ್ತ ಬೆಲೆ ವಾರಕ್ಕೊಂದು ಪ್ಲೇಟ್ ಬಿರಿಯಾನಿ. ದುಬಾರಿಯಾಯಿತೆಂದು ಈಗಲೂ ಅನ್ನಿಸುತ್ತದೆ. ಏನು ಮಾಡುವುದು, ಎದುರು ಪಾರ್ಟಿ ಅದಕ್ಕಿಂತ ಕೆಳಗೆ ಇಳಿಯಲಿಲ್ಲ.

ಶಿವಮೊಗ್ಗದಲ್ಲಿ ಹಳೆ ಬೈಕ್ ಕೊಂಡು ಮಾರುವುದು ನನ್ನ ಕಸುಬು. ಸೈಲೆನ್ಸರ್ ಉದುರಿದ ಗಾಡಿಯನ್ನೂ ‘ಮೇಷ್ಟ್ರು ಓಡಿಸಿದ್ದು, ಸಿಂಗಲ್ ಓನರ್’ ಎಂದು ದಾಟಿಸಿದವನು. ಮಾಂಸ ಕಡಿಮೆ ಮಾಡದಿದ್ದರೆ ಡಯಾಲಿಸಿಸ್ ದೂರವಿಲ್ಲವೆಂದು ಡಾಕ್ಟರ್ ಅಮ್ಮನ ಬಗ್ಗೆ ಹೇಳಿದಾಗ, ಇದೆಷ್ಟರ ಮಾತು ಎಂದುಕೊಂಡು ಭದ್ರಾವತಿಯ ಅಣ್ಣನ ಮನೆಗೆ ಹೋದೆ. ಅಲ್ಲಿನ ಅಡುಗೆಮನೆ ಅಮ್ಮನದೇ ರಾಜ್ಯ.

“ಅಮ್ಮಾ, ನಾಲ್ಕು ತುಂಡಿನ ಬದ್ಲು ಎರಡು ತಿನ್ನು.”

“ಎರಡು ತುಂಡು ತಿನ್ನಕ್ಕೆ ನಾನೇನು ಬೀಗ್ರ ಮನೇಲಿ ಕೂತಿದೀನೇನೋ? ಬಿಡೋ ದಿನ ಬಿಡ್ತೀನಿ, ತಿನ್ನೋ ದಿನ ತಿಂತೀನಿ. ಕಮ್ಮಿ ತಿನ್ನು ಅಂತ ಯಾವ ದೇವ್ರು ಹೇಳಿದಾನೆ?”

ಮಾತು ನಿಜ. ಸೋಮವಾರ, ಶನಿವಾರ, ಇಡೀ ಶ್ರಾವಣ ನಮ್ಮ ಮನೆಯಲ್ಲಿ ಮೊಟ್ಟೆಯೂ ಒಡೆಯುವುದಿಲ್ಲ. ಉಳಿದ ದಿನ ಸೊಪ್ಪು ಕಂಡರೆ ‘ಯಾರಿಗೆ ಹುಷಾರಿಲ್ಲ?’ ಎಂದು ಕೇಳುತ್ತಾರೆ. ತೂಕದ ಲೆಕ್ಕ ಇಲ್ಲಿ ನಡೆಯದು, ವಾರದ ಲೆಕ್ಕವೇ ಸರಿ ಎಂದು ದಾರಿ ಬದಲಿಸಿದೆ.

“ಗುರುವಾರ ರಾಯರ ದಿನ. ಶುಕ್ರವಾರ ಲಕ್ಷ್ಮಿ. ಬುಧವಾರ...”

“ಸಾಕು ಮಾರಾಯ! ನಿನ್ ಮಾತು ಕೇಳಿದ್ರೆ ಕೋಳಿಗಳು ಮುದುಕರಾಗಿ ಸಾಯ್ತವೆ. ಗುರುವಾರ, ಶುಕ್ರವಾರ ಬಿಡ್ತೀನಿ. ನೀನೂ ಬಿಡ್ಬೇಕು.”

ಗುರುವಾರ ಮಧ್ಯಾಹ್ನ ಬಸ್‌ಸ್ಟ್ಯಾಂಡ್ ಹತ್ತಿರ ನಾನು ಬಿರಿಯಾನಿ ತಿನ್ನುವುದು ಅವಳಿಗೆ ಹೇಗೆ ಗೊತ್ತಿತ್ತೋ! ಒಪ್ಪಿದೆ. ಭಾನುವಾರದ ಮಟನ್ ಸುದ್ದಿ ಎತ್ತಲೇ ಇಲ್ಲ. ಎತ್ತಿದ್ದರೆ ವ್ಯಾಪಾರವೇ ಮುರಿಯುತ್ತಿತ್ತು.

ಅವಳು ಮಾತು ಉಳಿಸಿಕೊಳ್ಳುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಆ ವರ್ಷ ಯುಗಾದಿ ಮರುದಿನದ ಹೊಸತೊಡಕು ಗುರುವಾರವೇ ಬಂತು. ಅವತ್ತು ಮಾಂಸ ತಿನ್ನದಿದ್ದರೆ ವರ್ಷವಿಡೀ ದರಿದ್ರ ಎನ್ನುವ ಮನೆ ನಮ್ಮದು. ಒಪ್ಪಂದ ಇವತ್ತಿಗೆ ಮುಗಿಯಿತು ಎಂಬ ಹೆದರಿಕೆ ಅರ್ಧ, ಮಟನ್ ಆಸೆ ಅರ್ಧ, ಭದ್ರಾವತಿ ಬಸ್ ಹತ್ತಿದೆ.

ತಟ್ಟೆಗೆ ಬಿದ್ದದ್ದು ಹುರುಳಿಕಾಳು ಸಾರು.

“ಅಮ್ಮಾ, ಹೊಸತೊಡಕು?”

“ವಾರ ಅಲ್ವೇನೋ ಇವತ್ತು? ಸೋಮ್ವಾರ ಬಂದ್ರೆ ಮುಂದಕ್ಕೆ ಹಾಕಲ್ವಾ, ಹಂಗೇ. ಭಾನುವಾರ ಬಾ.”

ದೇವರಾಣೆ, ಅಷ್ಟು ಖುಷಿಯಿಂದ ನಾನು ಯಾವತ್ತೂ ಹುರುಳಿ ತಿಂದಿಲ್ಲ. ಮುಂದಿನ ರಿಪೋರ್ಟ್ ನೋಡಿದ ಡಾಕ್ಟರ್ ಮೊದಲ ಬಾರಿಗೆ ನಮ್ಮನ್ನು ಬೈಯದೆ ಕಳಿಸಿದರು.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ತುಂಡು ಎಣಿಸಲು ಹೋಗಬೇಡಿ, ತಟ್ಟೆ ಮುಂದೆ ಅವರ ಮರ್ಯಾದೆ ಹೋಗುತ್ತದೆ. ವಾರದಲ್ಲಿ ಇಂತಿಂಥ ದಿನ ಬಿಡಿ ಎಂದು ಕೇಳಿ, ದಿನಕ್ಕೊಂದು ದೇವರನ್ನು ಕೊಡಿ. ಮೂರು ಕೇಳಿದರೆ ಎರಡು ಸಿಗುತ್ತದೆ. ಹಾಂ, ಮಾತಿಗೆ ಕೂರುವ ಮೊದಲು ನೀವು ಎಲ್ಲೆಲ್ಲಿ ಏನೇನು ತಿನ್ನುತ್ತೀರೆಂಬುದು ಮನೆಯವರಿಗೆ ಗೊತ್ತಿದೆ ಎಂದೇ ಇಟ್ಟುಕೊಳ್ಳಿ.