ಅಮ್ಮನ ಮಲ್ಲಿಗೆಗೆ ಬಂದ ಉಪ್ಪುನೀರು

ಕೃಷಿಯಲ್ಲಿ ಎಂಎಸ್ಸಿ ಮುಗಿಸಿ ನಾನು ಕಾಪುವಿಗೆ ಮರಳಿದಾಗ, ಕೆಲಸವೇ ನಮ್ಮ ಮನೆಯ ಪಾಗಾರದ ಗೋಡೆಯ ಆಚೆ ಬಂದು ಕೂತಿತ್ತು. ಹಳೆಯ ಅಕ್ಕಿಮಿಲ್ಲೊಂದನ್ನು ಬಾಡಿಗೆಗೆ ಹಿಡಿದು, ಗೋಡೆಗೆ ಸುಣ್ಣ ಬಳಿದು, ಬಹುಕಾಲ ಬಾಳುವ ಕೃಷಿ ಮತ್ತು ನೀರಿನ ನಿರ್ವಹಣೆಗಾಗಿ ಅಂತಾರಾಷ್ಟ್ರೀಯ ಸ್ನಾತಕೋತ್ತರ ಕೇಂದ್ರ ತೆರೆದಿದ್ದರು. ಇಷ್ಟು ಹೆಸರು ಒಂದು ಬೋರ್ಡಿನಲ್ಲಿ ಹಿಡಿಸದೆ ಉಡುಪಿಯ ಪೇಂಟರ್ ಎರಡು ಬೋರ್ಡು ಬರೆದುಕೊಟ್ಟಿದ್ದ. ಅಂತಾರಾಷ್ಟ್ರೀಯ ಎಂಬುದಕ್ಕೆ ಸಾಕ್ಷಿಯಾಗಿ ಕೀನ್ಯಾದವರೊಬ್ಬರು, ಶ್ರೀಲಂಕಾದವರೊಬ್ಬರು ವಿದ್ಯಾರ್ಥಿಗಳಾಗಿ ಬಂದಿದ್ದರು. ಬಸ್ಸಿನ ಕಂಡಕ್ಟರನಿಗೆ ಈ ರಗಳೆಯೆಲ್ಲ ಬೇಡವಾಗಿತ್ತು. "ಫಾರಿನ್ ಗದ್ದೆ, ಇಳೀರಿ" ಎನ್ನುತ್ತಿದ್ದ.

ಆ ಗದ್ದೆಯ ಉಸ್ತುವಾರಿ ನನ್ನದು. ಎಂಬತ್ತರ ದಶಕದ ಮಾತು. ನಮ್ಮ ಕಡೆ ಓದಿದ ಹುಡುಗಿಯರು ಟೀಚರಾಗುತ್ತಿದ್ದರು, ಇಲ್ಲವೇ ಮದುವೆಯಾಗುತ್ತಿದ್ದರು. ಕಾರ್ಕಳದಲ್ಲಿ ನನಗೆ ಎರಡೂ ತಯಾರಿದ್ದವು. ಎರಡನ್ನೂ ಬಿಟ್ಟು ಗದ್ದೆ ಕಾಯುವ ಕೆಲಸ ಹಿಡಿದದ್ದಕ್ಕೆ ನೆಂಟರೆಲ್ಲ ಅಮ್ಮನಿಗೆ ಬುದ್ಧಿ ಹೇಳಿ ಹೋದರು. ಕೆಲಸವಾದರೂ ಕಾಯಂ ಅಲ್ಲ. ವರ್ಷದ ಕೊನೆಗೆ ಡೈರೆಕ್ಟರು ಒಪ್ಪಿದರೆ ಮಾತ್ರ ಮುಂದುವರಿಯುವುದು.

ಅಮ್ಮ ಶಂಕರಪುರದಿಂದ ಮದುವೆಯಾಗಿ ಬಂದವಳು. ಬರುವಾಗ ಮಲ್ಲಿಗೆಯ ಗೆಲ್ಲುಗಳನ್ನು ತಂದು ಬಾವಿಯ ಸುತ್ತ ಪಾಗಾರದವರೆಗೆ ನೆಟ್ಟಿದ್ದಳಂತೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದು ಆ ಗಿಡಗಳು. ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಟ್ಟೆ ಎಂಬ ಕಟ್ಟು ಮಾಡಿಟ್ಟರೆ ಶಂಕರಪುರದ ಏಜೆಂಟರು ಸೈಕಲಿನಲ್ಲಿ ಬಂದು ಒಯ್ಯುತ್ತಿದ್ದರು. ಅಮ್ಮ ಗಿಡಗಳ ಹತ್ತಿರ ಮಾತಾಡುತ್ತಿದ್ದಳು. ನನ್ನ ಹತ್ತಿರ ಅಷ್ಟಿಲ್ಲ.

ನಮ್ಮ ಡೈರೆಕ್ಟರು ಧಾರವಾಡದ ಕಡೆಯವರು, ಒಳ್ಳೆಯ ಮನುಷ್ಯ. ಆದರೆ ನೀರು ಕಂಡರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಕೇಂದ್ರದ ಬಾವಿಗೆ ಬಗ್ಗಿ ನೋಡಿ, "ಏನ್ರೀ ಮೇಡಂ, ಇಷ್ಟ ಮ್ಯಾಲೆ ನೀರು! ನಮ್ಮೂರಾಗ ಒಂದ್ ಕೊಡಕ್ಕ ಮೈಲಿಗಟ್ಟಲೆ ನಡೀಬೇಕ್ರೀ" ಎಂದು ಮಕ್ಕಳ ಹಾಗೆ ಖುಷಿಪಟ್ಟರು. ಹಾಗೆ ಖುಷಿಪಟ್ಟೇ ಒಂದು ದೊಡ್ಡ ಪಂಪು ಕೂರಿಸಿದರು. ಬಂದವರಿಗೆ ತೋರಿಸಲು ಕಡುಬೇಸಗೆಯಲ್ಲೂ ಗದ್ದೆ ಹಸಿರಾಗಿರಬೇಕು ಎಂದು ಅವರ ಆಸೆ. ಬೆಳಗ್ಗಿನಿಂದ ಸಂಜೆಯವರೆಗೆ ಪಂಪು ಓಡಿತು.

ಕಡಲ ಬದಿಯ ನೆಲದಲ್ಲಿ ಸಿಹಿನೀರು ಮೇಲೆ ಮೇಲೆ ಇರುತ್ತದೆ; ಅದನ್ನು ಸೆಳೆದಷ್ಟೂ ಉಪ್ಪುನೀರು ಒಳಗೆ ಬರುತ್ತದೆ. ಇದು ನಮ್ಮ ಕೇಂದ್ರದಲ್ಲಿ ಎಲ್ಲಕ್ಕಿಂತ ಮೊದಲು ಕಲಿಸುತ್ತಿದ್ದ ಪಾಠ. ಪಾಠ ಮಾಡುವಾಗ ಪಂಪಿನ ಗಲಾಟೆಗೆ ಮಾತು ಕೇಳಿಸುವುದಿಲ್ಲ ಎಂದು ಕಿಟಕಿ ಮುಚ್ಚುತ್ತಿದ್ದೆವು.

ಮಾರ್ಚಿನಲ್ಲಿ, ಕೇಂದ್ರಕ್ಕಿಂತ ಕಡಲಿಗೆ ಹತ್ತಿರವಿದ್ದ ನಮ್ಮ ಮನೆಯ ಬಾವಿ ಉಪ್ಪಾಯಿತು. ಉಪ್ಪು ತಿಂದವನು ನೀರು ಕುಡಿಯಬೇಕು ಎಂದು ಗಾದೆ. ನಾವು ಯಾವ ತಪ್ಪೂ ಮಾಡದೆ ಎರಡನ್ನೂ ಒಟ್ಟಿಗೆ ಕುಡಿಯುತ್ತಿದ್ದೆವು. ಮಲ್ಲಿಗೆಯ ಎಲೆಯ ಅಂಚು ಸುಟ್ಟಂತಾಗಿ, ಮೊಗ್ಗು ಸಣ್ಣದಾಗಿ, ಪಾಗಾರದ ಬದಿಯ ಗಿಡಗಳು ಒಣಗತೊಡಗಿದವು.

"ಅಮ್ಮ, ಇದು ನಮ್ಮ ಪಂಪಿನ ಕೆಲಸ. ನಾಳೆ ಡೈರೆಕ್ಟರಿಗೆ ಹೇಳುತ್ತೇನೆ" ಎಂದೆ.

"ಎಂತದೂ ಬೇಡ. ಈ ವರ್ಷ ಬಿಸಿಲು ಜಾಸ್ತಿ ಅಲ್ವಾ, ಅದಕ್ಕೆ."

"ಬಿಸಿಲಿಗೆ ನೀರು ಉಪ್ಪಾಗುತ್ತದಾ?"

"ಗಿಡಕ್ಕೆ ಯಾರದ್ದೋ ದೃಷ್ಟಿ ತಾಗಿದೆ ಮಗಾ. ನೀನು ಆಫೀಸಿನಲ್ಲಿ ಬಾಯಿ ಬಿಟ್ಟರೆ ನನ್ನ ಮೇಲೆ ಆಣೆ."

ಎಂಎಸ್ಸಿ ಮಾಡಿದವಳು ಆಣೆಗೆ ಹೆದರುವುದೇ? ಹೆದರಿದೆ. ಹಗಲಿಡೀ ಪಾಗಾರದ ಆಚೆ ನಿಂತು ಪಂಪಿನ ನೀರು ಗದ್ದೆಗೆ ಬಿಡುವುದು, ಸಂಜೆ ಈಚೆ ಬಂದು ಸಾಯುತ್ತಿರುವ ಗಿಡ ನೋಡುವುದು. ಸಂಕಟವಾಗುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ ಕಂಡಕ್ಟರನ ಹತ್ತಿರ ಜಗಳ ಮಾಡಿದೆ.

ಏಪ್ರಿಲಿನಲ್ಲಿ ಹಾಲೆಂಡಿನಿಂದ ಒಬ್ಬ ಹಿರಿಯ ಪ್ರೊಫೆಸರರು ಕೇಂದ್ರ ನೋಡಲು ಬಂದರು. ಸಮುದ್ರವನ್ನು ಹೊರಗೆ ನಿಲ್ಲಿಸುವುದರಲ್ಲಿ ಪಳಗಿದ ದೇಶ. ಬಂದ ಎರಡೇ ದಿನಕ್ಕೆ ಅವರ ಹೊಟ್ಟೆ ಕೆಟ್ಟು, ಮಣಿಪಾಲದಲ್ಲಿ ಮಲಗಿ, ಡಾಕ್ಟರು ಕೊಟ್ಟ ಉಪ್ಪು ಸಕ್ಕರೆಯ ನೀರು ಕುಡಿದು ಎದ್ದು ಬಂದಿದ್ದರು. ಊರಿನ ಒಂದು ಕೃಷಿಕರ ಮನೆ ನೋಡಬೇಕು ಎಂದರು. ಡೈರೆಕ್ಟರಿಗೆ ಹತ್ತಿರ ಕಂಡದ್ದು ನಮ್ಮ ಮನೆ.

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಆಮೇಲೆ ಮಾತು. ಪಂಪಿನಿಂದ ದೂರ, ಗುಡ್ಡೆಯ ಮೇಲಿನ ಮನೆಯ ಬಾವಿಯಲ್ಲಿ ನೀರು ಚೆನ್ನಾಗಿಯೇ ಇತ್ತು. "ಅಲ್ಲಿಂದ ಒಂದು ಕೊಡ ತರುತ್ತೇನೆ" ಎಂದೆ.

"ನಿನಗೆ ತಲೆ ಸರಿ ಉಂಟಾ? ನಮ್ಮ ಮನೆಗೆ ಬಂದವರಿಗೆ ಬೇರೆಯವರ ಬಾವಿಯ ನೀರು ಕೊಡುವುದಾ? ನಾಳೆ ಮುಖ ಎಲ್ಲಿಡುವುದು ಮಾರಾಯ್ತಿ?"

ಹಾಗಾಗಿ ಉಪ್ಪುನೀರನ್ನೇ ತಿಕ್ಕಿ ತೊಳೆದ ಹಿತ್ತಾಳೆಯ ಚೊಂಬಿನಲ್ಲಿ ಕೊಟ್ಟೆವು. ಡೈರೆಕ್ಟರು ಒಂದು ಗುಟುಕು ಕುಡಿದು ಮಾಡಿನ ಹಂಚು ನೋಡತೊಡಗಿದರು. ಪ್ರೊಫೆಸರರು ಬೆಲ್ಲ ಕಚ್ಚಿ, ನೀರು ಕುಡಿದು, ಕಣ್ಣು ಅಗಲಿಸಿ, ಪೂರ್ತಿ ಮುಗಿಸಿದರು. ಆಮೇಲೆ ಇಂಗ್ಲಿಷಿನಲ್ಲಿ, "ಎಂಥ ವಿವೇಕ! ಮಣಿಪಾಲದ ಡಾಕ್ಟರು ನನಗೆ ಕೊಟ್ಟದ್ದು ಇದನ್ನೇ, ನಿಮ್ಮ ಜನ ಬಿಸಿಲಲ್ಲಿ ಬಂದವರಿಗೆಲ್ಲ ಕೊಡುತ್ತಾರಲ್ಲ" ಎಂದರು. ಡೈರೆಕ್ಟರು "ಹೌದೌದು, ತಲೆತಲಾಂತರದಿಂದ" ಎಂದರು. ಕಾಪುವಿಗೆ ಅವರು ಬಂದು ವರ್ಷ ತುಂಬಿರಲಿಲ್ಲ.

ನೀರಿಗೆ ಉಪ್ಪು ಎಷ್ಟು ಹಾಕುತ್ತೀರಿ ಎಂದು ಅಮ್ಮನನ್ನು ಕೇಳಲು ಪ್ರೊಫೆಸರರು ನನಗೆ ಹೇಳಿದರು. ಕೇಳಿದೆ. ಅಮ್ಮ ಸೆರಗು ಸರಿಮಾಡಿಕೊಂಡು, ನಗುಮುಖದಿಂದಲೇ ತುಳುವಿನಲ್ಲಿ, "ಅಂದಾಜಿಗೆ ಹಾಕುವುದು ಅಂತ ಹೇಳು" ಎಂದಳು.

ಅವಳ ಹಿಂದೆ ಬಾಗಿಲಿನಾಚೆ ಒಣಗಿದ ಮಲ್ಲಿಗೆ ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಅಮ್ಮ ಉಪ್ಪು ಹಾಕುವುದಿಲ್ಲ ಸರ್. ನಮ್ಮ ಪಂಪು ಹಾಕುತ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಪ್ರೊಫೆಸರರು ಚೊಂಬು ಕೆಳಗಿಟ್ಟು ಬಾವಿಗೆ ನಡೆದರು. ಕೊಡಪಾನದ ನೀರಿಗೆ ಬೆರಳು ಅದ್ದಿ ನಾಲಿಗೆಗೆ ತಾಗಿಸಿದರು. ಗಿಡಗಳನ್ನು ನೋಡಿದರು, ಪಾಗಾರದ ಆಚೆಯ ಹಸಿರು ಗದ್ದೆ ನೋಡಿದರು. ಆಮೇಲೆ ಡೈರೆಕ್ಟರ ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಹೋದರು. ಸಂಜೆಗೆ ಮೊದಲೇ ಪಂಪು ನಿಂತಿತು. ಕಚೇರಿಯಲ್ಲಿ ಡೈರೆಕ್ಟರು ನನ್ನ ಮುಖ ನೋಡದೆ, "ನನಗರ ಮೊದಲ ಹೇಳಬಾರದಿತ್ತೇನ್ರೀ? ನೀರು ಅಂದ್ರ ನನಗ ಹುಚ್ಚು" ಎಂದರು. ಕೆಲಸ ಬಿಟ್ಟುಹೋಗಿ ಎನ್ನಲಿಲ್ಲ.

ಗೆದ್ದೆ ಎಂದುಕೊಂಡು ಮನೆಗೆ ಬಂದರೆ ಅಮ್ಮ ಉರಿಯುತ್ತಿದ್ದಳು.

"ಬಂದವರ ಎದುರು ಹೇಳಿಬಿಟ್ಟೆಯಲ್ಲ! ಪಂಪಿನಿಂದ ಅಂತ ನನಗೆ ಗೊತ್ತಿರಲಿಲ್ಲ ಅಂತ ತಿಳಿದದ್ದಾ ನೀನು? ಮೊದಲನೇ ದಿನವೇ ಗೊತ್ತಿತ್ತು. ಗಿಡ ನೋಡಿ ಯಾರೂ ಕೇಳಬಾರದು ಅಂತ, ನನಗೆ ಬೆನ್ನುನೋವು, ಇನ್ನು ಹೂ ಕಟ್ಟುವುದಿಲ್ಲ ಎಂದು ಏಜೆಂಟರಿಗೂ ಹೇಳಿ ಕಳಿಸಿದ್ದೆ."

"ಎಂತಕ್ಕಮ್ಮ?"

"ಎಂತಕ್ಕಾ? ಗಿಡ ಇನ್ನೊಮ್ಮೆ ನೆಡಬಹುದು. ನಿನ್ನ ಕೆಲಸ ಹೋಗಿದ್ದರೆ ಇನ್ನೊಂದು ಎಲ್ಲಿ ಉಂಟು?"

ನಾನು ಅಲ್ಲೇ ಜಗಲಿಯಲ್ಲಿ ಕೂತು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಗಂಜಿ ಬಡಿಸಿದಳು.

ಪಾಗಾರದ ಬದಿಯ ಗಿಡಗಳು ಉಳಿಯಲಿಲ್ಲ. ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಅವನ್ನು ಬೇರುಸಹಿತ ಕೀಳುತ್ತಿದ್ದಳು. ನಾನೂ ಇಳಿದು ಒಂದು ಗಿಡಕ್ಕೆ ಕೈ ಹಾಕಿದೆ. ಅಮ್ಮ ನನ್ನ ಕೈ ತೆಗೆಸಿದಳು.

"ಹೋಗು, ಕೈ ತೊಳೆ. ಆಫೀಸಿಗೆ ಹೊತ್ತಾಯಿತು" ಎಂದಳು.

ತೊಳೆದುಕೊಂಡು ಹೋದೆ.