ಮೂರು ಪುಟದ ಸಾವು

ಮಹಾಮಾರಿ ಬಂದು ಹೋದ ಮೇಲೆ ನಮ್ಮೂರಲ್ಲಿ ಬದುಕಿ ಉಳಿದವರೆಲ್ಲ ಕಾದಂಬರಿ ಬರೆದರು. ಅಷ್ಟೂ ನಮ್ಮ ಪ್ರೆಸ್ಸಿಗೇ ಬಂದವು. ನಾನು ಮಷಿನ್ ನೋಡಿಕೊಳ್ಳುವವನು, ಓದುವ ಗೋಜಿಲ್ಲ. ಓದುವ ಕರ್ಮ ಕರಡು ತಿದ್ದುವ ಅಕ್ಕನದು.

ಒಂಬತ್ತನೆಯ ಕಾದಂಬರಿಯ ಹೊತ್ತಿಗೆ ಅಕ್ಕನಿಗೆ ಎಲ್ಲ ಬಾಯಿಪಾಠವಾಗಿತ್ತು. ಮೊದಲ ಅಧ್ಯಾಯದಲ್ಲಿ ಇಲಿ ಸಾಯಬೇಕು, ರೋಗಕ್ಕೂ ಇಲಿಗೂ ಸಂಬಂಧವಿಲ್ಲದಿದ್ದರೂ ಸರಿಯೇ. ಎರಡನೆಯದರಲ್ಲಿ ಖಾಲಿ ರಸ್ತೆಗೆ ಜಿಂಕೆ ಬರಬೇಕು. ನರ್ಸು ದೇವತೆ, ದಿನಸಿ ಅಂಗಡಿಯವನು ರಾಕ್ಷಸ.

"ನಮ್ಮ ಬೀದಿಗೆ ಬಂದಿದ್ದು ನಾಯಿ ಮಾತ್ರ. ಅದೂ ಹೊಟ್ಟೆಗಿಲ್ದೆ," ಎನ್ನುತ್ತಿದ್ದರು ಅಕ್ಕ, ಕೆಂಪು ಪೆನ್ನಿನ ಮುಚ್ಚಳ ಕಚ್ಚುತ್ತ.

ಮೊದಲು ಈ ಕೆಲಸಕ್ಕೆ ಇಬ್ಬರಿದ್ದರು. ಅಕ್ಕನ ಗಂಡ, ನಮ್ಮೆಲ್ಲರ ಪಾಲಿಗೆ ಭಾವ, ಹಸ್ತಪ್ರತಿ ಹಿಡಿದು ಅಲ್ಪವಿರಾಮ, ಪೂರ್ಣವಿರಾಮ ಒಂದೂ ಬಿಡದೆ ಗಟ್ಟಿಯಾಗಿ ಓದುತ್ತಿದ್ದರು. ಅಕ್ಕ ಕರಡು ಹಿಡಿದು ತಿದ್ದುತ್ತಿದ್ದರು. ಮನೆ ಜಗಳವನ್ನೂ ಭಾವ 'ಪೂರ್ಣವಿರಾಮ' ಎಂದೇ ಮುಗಿಸುತ್ತಿದ್ದರಂತೆ. ಮಹಾಮಾರಿಯ ಎರಡನೇ ತಿಂಗಳು ಅವರು ಹೋದರು. ಆಮೇಲೆ ಅಕ್ಕ ಒಬ್ಬರೇ ಎರಡೂ ಹಾಳೆ ಪಕ್ಕಪಕ್ಕ ಇಟ್ಟುಕೊಂಡು ಸದ್ದಿಲ್ಲದೆ ಓದುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಹತ್ತನೆಯದು ನಿವೃತ್ತ ಪ್ರೊಫೆಸರ್ ಒಬ್ಬರ ಕಾದಂಬರಿ. ಅದರ ನಾಯಕ ಉಸಿರು ಸಿಗದೆ ಸಾಯುತ್ತಿದ್ದಾನೆ. ಸಾಯುತ್ತಲೇ ಹೆಂಡತಿಗೆ ಮೂರು ಪುಟ ಬದುಕಿನ ಅರ್ಥ ಹೇಳುತ್ತಾನೆ. ಅಕ್ಕ ಹದಿನೆಂಟು ವರ್ಷದ ನೌಕರಿಯಲ್ಲಿ ಎಂದೂ ಮಾಡದ ಕೆಲಸ ಮಾಡಿದರು. ಮೂರೂ ಪುಟಕ್ಕೆ ಅಡ್ಡಗೀಟು ಎಳೆದು, ಅಂಚಿನಲ್ಲಿ 'ಇಷ್ಟು ಉಸಿರು ಎಲ್ಲಿಂದ ಬಂತು?' ಎಂದು ಬರೆದರು.

ಮರುದಿನ ಪ್ರೊಫೆಸರ್ ಕೆಂಡಾಮಂಡಲವಾಗಿ ಬಂದರು. "ಅಕ್ಷರ ತಿದ್ದೋಕೆ ಕೊಟ್ಟಿದ್ದು, ಸಾಹಿತ್ಯ ತಿದ್ದೋಕಲ್ಲ!"

ಮಾಲೀಕರಿಗೆ ಬೆವರು. "ಕ್ಷಮೆ ಕೇಳಮ್ಮ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ಅಕ್ಕ ಭಾವನ ಕುರ್ಚಿಯನ್ನು ಮುಂದೆ ಸರಿಸಿದರು. "ಕೂತ್ಕೊಳ್ಳಿ ಸರ್. ನೀವು ಗಟ್ಟಿಯಾಗಿ ಓದಿ, ನಾನು ತಾಳೆ ನೋಡ್ತೀನಿ. ಮೂರು ಪುಟ ಮುಗಿಸಿದ್ರೆ ಕ್ಷಮೆ ಕೇಳ್ತೀನಿ."

ಪ್ರೊಫೆಸರ್ ಎದೆಯುಬ್ಬಿಸಿ ಶುರುಮಾಡಿದರು. ಒಂದೂವರೆ ಪುಟಕ್ಕೆ ಏದುಸಿರು ಬಂತು. ನೀರು ಕೇಳಿದರು.

"ನಿಮಗೆ ರೋಗಾನೂ ಇಲ್ಲ," ಅಂದರು ಅಕ್ಕ. "ನಮ್ಮನೆಯವರು ಕೊನೇಲಿ ಆಡಿದ್ದು ಒಂದೇ ಮಾತು. ಕಿಟಕಿ ತೆಗಿ, ಅಂದ್ರು. ಕಿಟಕಿ ತೆಗೆದೇ ಇತ್ತು."

ಪ್ರೊಫೆಸರ್ ಜೇಬಿನಿಂದ ಪೆನ್ನು ತೆಗೆದರು. "ಅಮ್ಮಾ, ಈ ಮಾತನ್ನ ಬಳಸ್ಕೊಳ್ಳಲಾ?"

"ಬಳಸ್ಕೊಳ್ಳಿ. ಹೇಗಿತ್ತೋ ಹಾಗೇ ಬರೀರಿ, ಅಷ್ಟು ಸಾಕು."

ಹತ್ತು ಕಾದಂಬರಿಗಳಲ್ಲಿ ಒಂದರಲ್ಲಾದರೂ ಭಾವ ಸತ್ತ ರೀತಿಯಲ್ಲೇ ಒಬ್ಬ ಸಾಯಲಿ ಎಂಬ ಆಸೆ ಅಕ್ಕನಿಗೆ. ಕೆಲಸ ಉಳಿದದ್ದಕ್ಕಿಂತ ಅದಕ್ಕೇ ಅವರು ಆ ವಾರವೆಲ್ಲ ಗೆಲುವಾಗಿದ್ದರು.

ವಾರದ ಮೇಲೆ ಹೊಸ ಪುಟ ಬಂತು. 'ಕಿಟಕಿ ತೆಗಿ' ಎನ್ನುತ್ತಾನೆ ನಾಯಕ. ಹೆಂಡತಿ ಓಡಿ ಹೋಗಿ ಮುಚ್ಚಿದ್ದ ಕಿಟಕಿ ತೆಗೆಯುತ್ತಾಳೆ. ತಂಗಾಳಿ ಬೀಸುತ್ತದೆ. ಅವನು ನಗುತ್ತ ಕಣ್ಣು ಮುಚ್ಚುತ್ತಾನೆ.

ಅಕ್ಕ ಎರಡು ಸಲ ತಪ್ಪು ಹುಡುಕಿದರು. ಅಕ್ಷರ ತಪ್ಪು ಒಂದೂ ಇರಲಿಲ್ಲ. ಅಚ್ಚಿಗೆ ಹೋಗಲೆಂದು ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ಸಾವಿರ ಪ್ರತಿ ಮುದ್ರಿಸಿದವನು ನಾನೇ.